ಕಳಸ ಕದಲುವ ಮೊದಲು ಹನ್ನೆರಡು ಕರ್ನೆಲ್

ನಮ್ಮ ಮನೆಯಲ್ಲಿ ಕರ್ನೆಲ್ ತಯಾರಾಗುವ ದಿನ ಮಿಕ್ಸಿ ಹಾಕುವ ಹಾಗಿಲ್ಲ. ಇದು ಮೊಮ್ಮಗಳ ಕಟ್ಟಪ್ಪಣೆ. ಮಧುಗಿರಿಯ ನಮ್ಮ ಬೀದಿಯಲ್ಲಿ ವೋಲ್ಟೇಜ್ ಮೊದಲೇ ಅಷ್ಟಕ್ಕಷ್ಟೆ. ನಾನು ಚಟ್ನಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದರೆ ಮೊದಲು ಅವಳ ಕಂಪ್ಯೂಟರ್ ಬಿಕ್ಕಳಿಸುತ್ತದೆ, ಆಮೇಲೆ ಅವಳು. ಬೆಳಗ್ಗೆ ತಿಂಡಿಯ ಹೊತ್ತಿಗೆ ಶುರುವಾದ ಕೆಲಸ ಊಟದ ಹೊತ್ತಿನವರೆಗೂ ನಡೆಯುತ್ತದೆ. ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರಗಳು ಓಡುತ್ತಿರುತ್ತವೆ, ಪೆಟ್ಟಿಗೆಯೊಳಗಿನ ಫ್ಯಾನು ಗೊರಕೆ ಹೊಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ನನಗೆ ಒರಳುಕಲ್ಲೇ ಗತಿ.

ಅವಳು ನನ್ನ ಮಗಳ ಮಗಳು. ಅವರ ಮನೆ ಕೊರಟಗೆರೆಯಲ್ಲಿ. ಡಿಪ್ಲೊಮಾ ಮುಗಿಸಿ ನನ್ನ ಜೊತೆ ಇರಲು ಬಂದವಳು ಮುಂದಿನ ಕೋಣೆಯನ್ನು ಆಕ್ರಮಿಸಿಕೊಂಡು, ಚಿಕ್ಕ ಚಿಕ್ಕ ಯಂತ್ರಗಳನ್ನು ಮಾಡುವ ಯಾವುದೋ ಕಂಪನಿಗೆ ಕೂತಲ್ಲಿಂದಲೇ ಕರ್ನೆಲ್ ಕಟ್ಟಿಕೊಡುತ್ತಾಳೆ. ಹಾಗೆಂದರೆ ಏನು ಎಂದು ನಾನು ಕೇಳಿದ್ದು ನನಗೆ ಫೋನಿನಲ್ಲಿ ಟೈಪ್ ಮಾಡುವುದನ್ನು ಅವಳು ಕಲಿಸುತ್ತಿದ್ದ ದಿನಗಳಲ್ಲಿ.

"ಅಜ್ಜೀ, ನೀನು ಫೋನಲ್ಲಿ 'ಅ' ಒತ್ತಿದ್ರೆ ಮ್ಯಾಲೆ 'ಅ' ಬೀಳ್ತದಲ್ಲ, ಆ ಗುಂಡಿಗೂ ಪರದೆಗೂ ಮಧ್ಯೆ ಓಡಾಡಿ ಸುದ್ದಿ ಮುಟ್ಸೋನೇ ಕರ್ನೆಲ್ಲು. ಎಲ್ಲಾರ್ಗಿಂತ ಮೊದ್ಲು ಅವನೇ ಏಳ್ಬೇಕು. ಅವನು ಏಳ್ಲಿಲ್ಲ ಅಂದ್ರೆ ಕಂಪ್ಯೂಟ್ರು ಬರೀ ತಗಡಿನ ಡಬ್ಬ."

"ಅಂಗಾದ್ರೆ ಅವನು ಗಂಡಸಲ್ಲ ಬುಡು," ಅಂದೆ. "ಎಲ್ಲಾರ್ಗಿಂತ ಮೊದ್ಲೆದ್ದು ಮನೆಮಂದಿಗೆಲ್ಲ ಸುದ್ದಿ ಮುಟ್ಸೋಳು ಹೆಂಗ್ಸೇ ಇರ್ಬೇಕು."

ಕರ್ನೆಲ್ ತಯಾರಾದ ಮೇಲೆ ಅದನ್ನು ಹಾಗೇ ಬರಿಗೈಯಲ್ಲಿ ಕೊಡುವಂತಿಲ್ಲವಂತೆ. ಪೊಟ್ಟಣ ಕಟ್ಟಬೇಕು. ಅದಕ್ಕೊಂದು ಹೆಸರು, ನಂಬರು, ಒಳಗೇನಿದೆ ಎನ್ನುವ ವಿವರ. ಜೊತೆಗೆ ನಾಲ್ಕು ಚೀಟಿ: ಹಾಕುವ ಮುಂಚೆ ಏನು ಮಾಡಬೇಕು, ಹಾಕಿದ ಮೇಲೆ ಏನು, ತೆಗೆಯುವ ಮುಂಚೆ ಏನು, ತೆಗೆದ ಮೇಲೆ ಏನು. ಚೀಟಿ ಎನ್ನುವುದು ನನ್ನ ಮಾತು, ಅವಳು ಸ್ಕ್ರಿಪ್ಟ್ ಅನ್ನುತ್ತಾಳೆ. ಇದು ನನಗೆ ತಟ್ಟನೆ ಅರ್ಥವಾಯಿತು. ನಾನೂ ಮಗಳ ಮನೆಗೆ ಉಪ್ಪಿನಕಾಯಿ ಜಾಡಿ ಕಳಿಸುವಾಗ ಮುಚ್ಚಳಕ್ಕೆ ಚೀಟಿ ಕಟ್ಟಿ ಕಳಿಸುತ್ತಿದ್ದೆ. ಮೂರು ದಿನ ತೆಗೆಯಬೇಡ, ದಿನಾ ಕುಲುಕು, ಒದ್ದೆ ಸೌಟು ಹಾಕಬೇಡ, ಮುಗಿದ ಮೇಲೆ ಜಾಡಿ ತೊಳೆದು ವಾಪಸ್ ಕೊಡು. ವ್ಯತ್ಯಾಸ ಏನೆಂದರೆ, ಕಂಪ್ಯೂಟರ್ ಚೀಟಿಯನ್ನು ಓದಿ ಅದರಲ್ಲಿ ಇದ್ದಂತೆಯೇ ಮಾಡುತ್ತದೆ. ನನ್ನ ಜಾಡಿಗಳು ಇವತ್ತಿಗೂ ಕೊರಟಗೆರೆಯಲ್ಲೇ ಇವೆ.

ಈಗ ಹತ್ತಿರದ ಊರು ಪುರವರದ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಾನು ಹಳೆಯ ಸದಸ್ಯೆಯಾಗಿರುವ ಒಂದು ಮಹಿಳಾ ಸಂಘವಿದೆ. ಒಂದೇ ಒಂದು ಉದ್ದನೆಯ ಹಾಲ್. ಆ ಕಡೆ ಗೋಡೆಗೆ ಹೊಲಿಗೆ ಯಂತ್ರಗಳು, ಈ ಕಡೆ ಗೋಡೆಗೆ ಹನ್ನೆರಡು ಕಂಪ್ಯೂಟರ್. ಯಾವುದೋ ಆಫೀಸಿನವರು ಹೊಸದು ಬಂತೆಂದು ಕೊಟ್ಟ ಹಳೆಯವು. ಹದಿನೈದಿಪ್ಪತ್ತು ಹುಡುಗಿಯರು ಅಲ್ಲಿ ಟೈಪಿಂಗ್ ಕಲಿಯುತ್ತಾರೆ. ಅದು ನಿಂತರೆ ಬಸ್ಸು ಹತ್ತಿ ಮಧುಗಿರಿಗೆ ಬರಬೇಕು, ಅವರಲ್ಲಿ ಅರ್ಧ ಜನರನ್ನು ಮನೆಯವರು ಕಳಿಸುವುದಿಲ್ಲ. ಆದರೆ ಆ ಕಂಪ್ಯೂಟರುಗಳೋ, ಗುಂಡಿ ಒತ್ತಿ ಟೀ ಕಾಸಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಇನ್ನೂ ಚಕ್ರ ತಿರುಗಿಸುತ್ತಾ ಕೂತಿರುತ್ತಿದ್ದವು.

ಸಂಘದ ಅಧ್ಯಕ್ಷೆಗೆ ಆ ಜಾಗದಲ್ಲಿ ಹಪ್ಪಳದ ಮೆಷಿನ್ ಇಡುವ ಆಸೆ. ಪಾವಗಡದ ಕಡೆಯ ಹೆಣ್ಣು, ಐವತ್ತರ ಆಸುಪಾಸು, ಕೋಪ ಬಂದರೆ ತೆಲುಗು ಬರುತ್ತದೆ. ಒಂದು ದಿನ ನನ್ನ ಮೊಮ್ಮಗಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು:

"ನೋಡಮ್ಮಾ, ವಿಜಯದಶಮಿವರ್ಗೂ ಟೈಮ್ ಕೊಡ್ತೀನಿ. ಅವತ್ತು ನಾನು ಒಂದು ಲೋಟ ಟೀ ಕುಡಿಯೋದ್ರಾಗೆ ಇವು ಓಪನ್ ಆದ್ರೆ ಇರ್ಲಿ. ಇಲ್ಲಾಂದ್ರೆ ಸಿರಾದ ಗುಜರಿಯೋರಿಗೆ ಹೇಳೀನಿ, ಅವತ್ತೇ ಬಂದು ತುಂಬ್ಕೊಂಡು ಹೋಗ್ತಾರೆ."

"ಆಗ್ತವೆ ಆಂಟಿ," ಅಂದಳು ನಮ್ಮವಳು. ಅವಳು ಹಾಗೆ ಮಾತು ಕೊಟ್ಟರೆ ಊಟ ಬಿಡುವ ಜಾತಿ. ನನಗೆ ಆಗಲೇ ದಿಗಿಲಾಯಿತು.

ಅವಳ ಲೆಕ್ಕಾಚಾರ ಹೀಗಿತ್ತು. ಆ ಕಂಪ್ಯೂಟರುಗಳ ಜೊತೆ ಬಂದಿದ್ದ ಕರ್ನೆಲ್ ಲೋಕದ ಎಲ್ಲಾ ಯಂತ್ರಗಳಿಗೂ ಆಗಲಿ ಎಂದು ಮಾಡಿದ್ದು, ಮೈ ತುಂಬಾ ಬೊಜ್ಜು. ಇಲ್ಲಿಗೆ ಬೇಕಾದಷ್ಟನ್ನೇ ಇಟ್ಟುಕೊಂಡು ಸಣಕಲು ಕರ್ನೆಲ್ ಒಂದನ್ನು ಕಟ್ಟಿದರೆ ಚುರುಕಾಗಿ ಏಳುತ್ತದೆ. ಅದಕ್ಕಾಗಿ ಎರಡು ದಿನ ಕೂತು, ಇದು ಬೇಕಾ ಅದು ಬೇಕಾ ಎಂದು ಕಂಪ್ಯೂಟರ್ ಕೇಳುವ ಸಾವಿರಾರು ಪ್ರಶ್ನೆಗಳಿಗೆ ಬೇಡ ಬೇಡ ಎಂದು ಒತ್ತುತ್ತಾ ಹೋದಳು. ಬೀಗರ ಮನೆಯ ಪಟ್ಟಿಯಿಂದ ಹೆಸರು ಹೊಡೆದುಹಾಕಿದ ಹಾಗೆ. ಪ್ರತಿ ಕರ್ನೆಲ್ಲಿಗೂ ನಂಬರಿನ ಹಿಂದೆ ನಮಗೆ ಇಷ್ಟವಾದ ಬಾಲ ಅಂಟಿಸಬಹುದಂತೆ. ಅವಳು "ಅಜ್ಜಿ" ಎಂದು ಅಂಟಿಸಿದಳು. ಎಲ್ಲರಿಗಿಂತ ಮೊದಲು ಏಳುವವಳು ಹೆಂಗಸು ಎಂದಿದ್ದೆನಲ್ಲ, ಅದಕ್ಕೆ ಸೇಡು.

ನಮ್ಮ ಮನೆಯಲ್ಲೂ ಅದೇ ಜಾತಿಯ ಒಂದು ಹಳೆಯ ಕಂಪ್ಯೂಟರ್ ಇತ್ತು. ಎಲ್ಲವನ್ನೂ ತುಂಬಿಡುವ ಅದರ ಡಿಸ್ಕ್ ಕೆಟ್ಟಿದ್ದರಿಂದ ಹೊಸ ನಮೂನೆಯದನ್ನು ಹಾಕಿಸಿದ್ದೆವು, ಅಷ್ಟೇ ವ್ಯತ್ಯಾಸ. ಪೊಟ್ಟಣವನ್ನು ಅದಕ್ಕೆ ಹಾಕಿ ನೋಡಿದಾಗ ನಾನು ಕನ್ನಡಕ ಹುಡುಕುವುದರೊಳಗೆ ಎದ್ದು ನಿಂತಿತು. ಮೊಮ್ಮಗಳು ಕುಣಿದಳು. ನಾನು ಕೂತಲ್ಲೇ ಕುಣಿದೆ.

ಆಯುಧಪೂಜೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಪುರವರಕ್ಕೆ ಹೋದೆವು. ಹತ್ತು ಗಂಟೆಗೆ ಅಯ್ನೋರು ಬಂದು ಕಳಸ ಇಡುವವರಿದ್ದರು. ಅದರೊಳಗೆ ಹನ್ನೆರಡಕ್ಕೂ ಹಾಕಿ ಮುಗಿಸಬೇಕು. ಅವಳು ಮೊದಲನೆಯದಕ್ಕೆ ಹಾಕಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡ್ಬುಡ್ತೀನಿ ಅಜ್ಜಿ," ಅಂದಳು.

ಇಲ್ಲಿ ನಾನು ಬಾಯಿ ಹಾಕಿದೆ.

"ಮನೇಲಿ ಓಡಿದ್ದು ಇಲ್ಲಿ ಓಡಕ್ಕಿಲ್ವಾ? ಒಂದೊಂದ್ಕೂ ಆಫು ಆನು ಅಂತ ಕುಂತ್ರೆ ಅಯ್ನೋರು ಬಂದ್ಬುಡ್ತಾರೆ. ಎಲ್ಲಾ ಹಾಕ್ಬುಟ್ಟು ಒಟ್ಟಿಗೇ ನೋಡಾಣ ಕಣೇ. ಅತ್ಲಾಗಿನ ಆರು ನಂಗೆ ಬುಡು."

ಅವಳು ಒಂದು ಕ್ಷಣ ಯೋಚಿಸಿ ಒಪ್ಪಿದಳು. ಅವಳು ಬರೆದುಕೊಟ್ಟ ಸಾಲನ್ನು ನೋಡಿಕೊಂಡು ಆರು ಕಂಪ್ಯೂಟರಿಗೆ ನಾನೇ ಒಂಟಿ ಬೆರಳಿನಲ್ಲಿ ಟೈಪ್ ಮಾಡಿದೆ. ಎಂಟರ್ ಒತ್ತುವಾಗ ನನ್ನ ಗತ್ತು ನೋಡಬೇಕಿತ್ತು.

ಹನ್ನೆರಡನೆಯದು ಮುಗಿಯಿತು, ಇನ್ನೇನು ಆಫ್ ಮಾಡಿ ಆನ್ ಮಾಡಬೇಕು ಎನ್ನುವಾಗ ಅರಿಸಿನ ಕುಂಕುಮದ ತಟ್ಟೆ ಹಿಡಿದು ಅಧ್ಯಕ್ಷೆ ಬಂದಳು, ಹಿಂದೆಯೇ ಅಯ್ನೋರು. ಅವರಿಗೆ ಮುಂದಿನ ಮನೆಗೆ ಹೊತ್ತಾಗಿತ್ತು. ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿಪೆಟ್ಟಿಗೆ, ಹನ್ನೆರಡು ಪರದೆ, ಹನ್ನೆರಡು ಕೀಬೋರ್ಡ್, ನನ್ನ ಫೋನ್, ಎಲ್ಲದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ.

"ಆಂಟಿ, ಐದೇ ನಿಮಿಷ, ಒಂದನ್ನ ಆನ್ ಮಾಡಿ..."

"ಕುಂಕುಮ ಇಟ್ಟ ಮ್ಯಾಲೆ ನಾಳೆವರ್ಗೂ ಯಾವ್ದನ್ನೂ ಮುಟ್ಟಂಗಿಲ್ಲ ಕಣಮ್ಮ. ಇವತ್ತು ಅವಕ್ಕೆ ರಜ."

ಆಯುಧಪೂಜೆಯ ಕುಂಕುಮ ಬಿದ್ದ ಹತಾರವನ್ನು ಆ ದಿನ ದುಡಿಸಬಾರದು, ಅದು ನಮ್ಮ ಮನೆಯಲ್ಲೂ ನಡೆದುಕೊಂಡು ಬಂದದ್ದೇ. ನಾವು ಚೀಲ ಎತ್ತಿಕೊಂಡು ಹೊರಟೆವು. ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ನಾನು ಎಲೆಯಲ್ಲಿ ಕಟ್ಟಿಸಿಕೊಂಡು ಬಂದ ಕೋಸಂಬರಿಯನ್ನು ಪೂರ್ತಿ ತಿಂದೆ.

ಮರುದಿನ ವಿಜಯದಶಮಿ. ಒಂಬತ್ತಕ್ಕೆಲ್ಲ ಸಂಘದ ಹಾಲ್‌ನಲ್ಲಿದ್ದೆವು. ಮೊಮ್ಮಗಳು ಮೊದಲ ಕಂಪ್ಯೂಟರಿನ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು, ಮಧ್ಯದಲ್ಲೊಂದು ಕಡೆ "ಅಜ್ಜಿ" ಎಂದೂ ಕಂಡಿತು, ನಾನು ಹಿಗ್ಗಿದೆ. ಆಮೇಲೆ ಎಲ್ಲವೂ ನಿಂತುಹೋಯಿತು. ಎರಡನೆಯದನ್ನು ಒತ್ತಿದಳು. ಅದೂ ಅಲ್ಲೇ ನಿಂತಿತು. ಮೂರು, ನಾಲ್ಕು... ಹನ್ನೆರಡೂ ಅದೇ ಸಾಲಿನಲ್ಲಿ, ಕುಂಕುಮ ಇಟ್ಟುಕೊಂಡು, ನಮ್ಮನ್ನೇ ನೋಡುತ್ತಾ ನಿಂತವು.

"ಏನೇ ಆಯ್ತು?"

"ಕರ್ನೆಲ್ ಎದ್ದೈತೆ ಅಜ್ಜಿ. ಆದ್ರೆ ಅದಕ್ಕೆ ಡಿಸ್ಕೇ ಕಾಣಿಸ್ತಿಲ್ಲ. ಇಲ್ಲಿರೋವು ಹಳೇ ನಮೂನೆ ಡಿಸ್ಕು. ನಾನು ಬೇಡ ಬೇಡ ಅಂತ ತೆಗಿಯುವಾಗ ಅದನ್ನ ಗುರುತು ಹಿಡಿಯೋ ಭಾಗಾನೂ ತೆಗ್ದುಬಿಟ್ಟೀನಿ. ನಮ್ಮನೇದ್ರಲ್ಲಿ ಹೊಸ ಡಿಸ್ಕಲ್ವಾ, ಅದಕ್ಕೇ ಅಲ್ಲಿ ಗೊತ್ತಾಗ್ಲಿಲ್ಲ."

ಎದ್ದ ಸೊಸೆಗೆ ಉಗ್ರಾಣದ ಬಾಗಿಲು ಎಲ್ಲಿದೆ ಎಂದು ಯಾರೂ ಹೇಳಿಕೊಡದ ಹಾಗೆ.

"ಅಂಗಾದ್ರೆ ಹಳೇ ಕರ್ನೆಲ್ಲಲ್ಲೇ ಏಳ್ಸು."

ಅವಳು ಮುಖ ಮುಚ್ಚಿಕೊಂಡಳು. "ಹಾಕಿದ ಮೇಲಿನ ಚೀಟಿ ಅಂತೀಯಲ್ಲ, ಅದ್ರಲ್ಲಿ ಹಳೇದನ್ನ ತೆಗ್ದುಬಿಡು ಅಂತ ಬರ್ದಿದ್ದೆ. ಎರಡೂ ಇಡಕ್ಕೆ ಜಾಗ ಇಕ್ಕಟ್ಟಾಗಿತ್ತು, ಚೊಕ್ಕಟವಾಗಿರ್ಲಿ ಅಂತ... ತಪ್ಪು ನಂದೇ."

"ಅರ್ಧ ನಂದು," ಅಂದೆ. ನಿನ್ನೆ ಮೊದಲನೆಯದನ್ನು ಆಫ್ ಮಾಡಿ ಆನ್ ಮಾಡಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು, ಹನ್ನೊಂದು ಉಳಿಯುತ್ತಿದ್ದವು. ತಡೆದವಳು ನಾನು. ಅದೂ ಅಲ್ಲದೆ ಆರಕ್ಕೆ ಎಂಟರ್ ಒತ್ತಿದ್ದು ನನ್ನ ಬೆರಳೇ.

"ಎಷ್ಟೊತ್ತು ಬೇಕು ಸರಿ ಮಾಡಕ್ಕೆ?"

ಅವಳು ಎಣಿಸಿದಳು. ಕಂಪನಿ ಕೊಟ್ಟಿರುವ ಲ್ಯಾಪ್‌ಟಾಪಿನಲ್ಲಿ ಡಿಸ್ಕಿನದನ್ನು ಸೇರಿಸಿ ಹೊಸ ಕರ್ನೆಲ್ ಕಟ್ಟಲು ಎರಡು ಗಂಟೆಯ ಮೇಲೆ. ಅದು ಆಗುವುದರೊಳಗೆ ಪೆನ್‌ಡ್ರೈವಿನಿಂದ ಒಂದೊಂದೇ ಕಂಪ್ಯೂಟರನ್ನು ಎಬ್ಬಿಸಿ ಹಳೆಯ ಕರ್ನೆಲನ್ನು ಮತ್ತೆ ಒಳಗೆ ಸೇರಿಸುವುದು. "ಮಧ್ಯಾಹ್ನ ಒಂದು ಗಂಟೆ ಆಗ್ತದೆ."

ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು.

ಸಿರಾದ ಗುಜರಿಯವನು ಗಟ್ಟಿಮುಟ್ಟಾದ ಮನುಷ್ಯ, ಬಿಳಿ ಗಡ್ಡ, ಹೆಗಲ ಮೇಲೆ ಚೌಕಳಿ ಟವೆಲ್. ಬಾಗಿಲಲ್ಲೇ ನಿಂತು ಹನ್ನೆರಡು ಕಪ್ಪು ಪರದೆಗಳನ್ನು ನೋಡಿ, "ಮಾಲು ಇದೇನಾ? ಜಲ್ದಿ ಕೊಡ್ರಮ್ಮಾ, ಪಾವಗಡಕ್ಕೂ ಹೋಗೋದೈತೆ," ಅಂದ. ಅವನ ಹಿಂದೆ ಅಧ್ಯಕ್ಷೆ. ಪರದೆಗಳನ್ನು ನೋಡಿದಳು, ನಮ್ಮನ್ನು ನೋಡಿದಳು.

"ಏಮಿ ದೊಡ್ಡಮ್ಮಾ ಇದಿ? ನಿನ್ನೆ ಸಾವಕಾಶಾನಾದ್ರೂ ಓಪನ್ ಆಗ್ತಿದ್ವು. ಇವತ್ತು ಅದೂ ಇಲ್ವಾ? ಎತ್ಕೊಳಪ್ಪಾ ಭಾಯಿ."

ಮೊಮ್ಮಗಳ ಕಣ್ಣು ತುಂಬಿತು. ನಾನು ಸುತ್ತ ನೋಡಿದೆ. ಹಾಲ್‌ನ ನಡುವೆ, ಬಾಳೆಲೆಯ ಮೇಲೆ, ನಿನ್ನೆ ಅಯ್ನೋರು ಇಟ್ಟ ಕಳಸ ಹಾಗೇ ಕೂತಿತ್ತು. ನನಗೆ ದಾರಿ ಕಾಣಿಸಿತು.

"ಅಲ್ಲ ಕಣವ್ವಾ," ಅಂದೆ ಅಧ್ಯಕ್ಷೆಗೆ, "ಕಳಸ ಕದಲಿಸ್ದೇನೇ ಪೂಜೆ ಮಾಡಿದ ವಸ್ತುನ ಹೊಸ್ತಿಲು ದಾಟುಸ್ತೀಯಾ?"

ಅವಳು ತಡೆದು ನಿಂತಳು. ಶಾಸ್ತ್ರ ಸಂಪ್ರದಾಯ ಅಂದರೆ ಅವಳು ಒಂದು ಕೂದಲಿನಷ್ಟೂ ಬಿಡುವವಳಲ್ಲ.

"ಅಂಗಾದ್ರೆ ನಿನ್ನ ಮೊಮ್ಮಗಳು ಮುಟ್ತಾವ್ಳಲ್ಲ?"

"ವಿಜಯದಶಮಿ ದಿನ ಹತಾರ ಮುಟ್ಬೌದು, ಕೆಲ್ಸಾನೂ ಶುರು ಮಾಡ್ಬೌದು. ಮನೆಯಿಂದ ಆಚೆಗೆ ಕೊಡಂಗಿಲ್ಲ. ನಿನ್ನ ತವರಲ್ಲಿ ಕೊಡ್ತಾರಾ ಹೇಳು?"

"ಇಲ್ಲ..." ಅಂದಳು. "ನಾನೇ ಕದಲಿಸ್ಬುಡ್ಲಾ?"

"ಇಟ್ಟೋರು ಅಯ್ನೋರು. ಅವ್ರೇ ಕದಲಿಸ್ಬೇಕು. ತಡಿ, ನಾನೇ ಮೆಸೇಜ್ ಹಾಕ್ತೀನಿ. ಈಗ ನಂಗೂ ಬರ್ತದೆ."

ಅಯ್ನೋರು ಅವತ್ತು ಬೆಳಗ್ಗೆಯೇ ಸಿದ್ದರಬೆಟ್ಟಕ್ಕೆ ಹೋಗಿದ್ದರು, ಹೋಗುವ ಸುದ್ದಿ ನಿನ್ನೆಯೇ ನನ್ನ ಕಿವಿಗೆ ಬಿದ್ದಿತ್ತು. ನಾನು ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ: "ಕಳಸ ಕದಲಿಸಲು ಬರಬೇಕು. ಅವಸರ ಏನೂ ಇಲ್ಲ. ಪ್ರಸಾದ ಮುಗಿಸಿಕೊಂಡು ಸಾವಕಾಶವಾಗಿ ಬನ್ನಿ." ಉತ್ತರಕ್ಕೆ ಹೆಬ್ಬೆರಳೆತ್ತಿದ ಚಿತ್ರ ಬಂತು. "ಬರ್ತಾರಂತೆ," ಅಂದೆ. ಯಾವಾಗ ಎಂದು ಯಾರೂ ಕೇಳಲಿಲ್ಲ.

ಮೊಮ್ಮಗಳು ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಗುಜರಿಯವನು ಮೆಟ್ಟಿಲ ಮೇಲೆ ಕೂತ. ನಾನು ಅವನ ಪಕ್ಕದಲ್ಲಿ ಕೂತೆ. ಮೂರೂವರೆ ಗಂಟೆಯ ಕಾಲ ಒಬ್ಬ ವ್ಯಾಪಾರಿಯನ್ನು ಕೂರಿಸಿಕೊಳ್ಳುವುದು ಎಂದರೆ ಸುಮ್ಮನೆ ಮಾತಲ್ಲ. ನಿನ್ನೆಯ ಕಡಲೆಬೇಳೆ ಪಾಯಸವನ್ನು ಬಿಸಿ ಮಾಡಿ ಕೊಟ್ಟೆ. ನಮ್ಮ ಮನೆಯಲ್ಲಿರುವ ಹಿತ್ತಾಳೆ ಹಂಡೆಯ ಸುದ್ದಿ ತೆಗೆದೆ. ಅವನ ಕಣ್ಣು ಅರಳಿತು.

"ಎಷ್ಟು ತೂಕ ಐತೆ ಅಮ್ಮೀ?"

"ಇಬ್ರು ಎತ್ತಬೇಕು."

"ಕೊಡ್ತೀರಾ?"

"ನಮ್ಮತ್ತೆ ಹಂಡೆ ಕಣಪ್ಪಾ. ಕೊಡಕ್ಕಿಲ್ಲ."

"ಮತ್ತೆ ಯಾಕಮ್ಮೀ ಖಾಲಿ ಪೀಲಿ ಆಸೆ ಹುಟ್ಟಿಸ್ತೀರ!"

"ಹೊತ್ತು ಹೋಗ್ಬೇಕಲ್ಲ," ಅಂದೆ. ಅವನು ಬಗ್ಗಿ ಒಳಗೆ ನೋಡಿದ, ನನ್ನನ್ನು ನೋಡಿದ, ಗಡ್ಡದೊಳಗೇ ನಕ್ಕ. ಬುದ್ಧಿವಂತ. ಆಮೇಲೆ ಜಲ್ದಿ ಅನ್ನಲಿಲ್ಲ. ಇನ್ನೊಂದು ಲೋಟ ಪಾಯಸ ಕೇಳಿದ.

ಒಳಗೆ ಮೊಮ್ಮಗಳು ಪೆನ್‌ಡ್ರೈವ್ ಹಿಡಿದು ಗೋಡೆಯುದ್ದಕ್ಕೂ ಸಾಗುತ್ತಿದ್ದಳು. ಒಂದಕ್ಕೆ ಹಳೆಯದನ್ನು ಹಾಕುವುದು, ಆಫ್ ಮಾಡುವುದು, ಆನ್ ಮಾಡುವುದು, ಅದು ಆಮೆಯ ಹಾಗೆ ಎದ್ದು ನಿಲ್ಲುವವರೆಗೂ ಕದಲದೆ ನಿಲ್ಲುವುದು, ಆಮೇಲೆ ಮುಂದಿನದಕ್ಕೆ. ಒಮ್ಮೆ ನಾನು ಇಣುಕಿ, "ಬಿರ್ನೆ ಆಗ್ಲಿ," ಎಂದು ಬಾಯಿ ತೆರೆದೆ. ಅವಳು ನೋಡಿದ ನೋಟಕ್ಕೆ ಹಾಗೇ ಮುಚ್ಚಿಕೊಂಡು ಮೆಟ್ಟಿಲಿಗೆ ವಾಪಸ್ ಬಂದೆ.

ಒಂದು ಗಂಟೆಯ ಹೊತ್ತಿಗೆ ಹನ್ನೆರಡರಲ್ಲೂ ಹಳೆಯ ಕರ್ನೆಲ್ ಎದ್ದು ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಹೊಸದೂ ಮುಗಿದಿತ್ತು. ಅಧ್ಯಕ್ಷೆ ಸೊಂಟದ ಮೇಲೆ ಕೈಯಿಟ್ಟು ಬಂದಳು.

"ಇವು ಎದ್ದಿದ್ದು ನೋಡ್ದೆ. ಅದೇ ಹಳೇ ರಾಗ. ಟೀ ಕುಡಿಯೋದ್ರಾಗೆ ಓಪನ್ ಆಗ್ಬೇಕು ಅಂದಿದ್ದೆ, ಮರೀಬೇಡ."

"ಒಂದಕ್ಕೆ ಹೊಸದನ್ನ ಹಾಕಿ ತೋರಿಸ್ತೀನಿ ಆಂಟಿ. ಟೀ ತಗೊಳ್ಳಿ."

ಟೀ ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಮೊಮ್ಮಗಳು ಈ ಸಲ ಪೊಟ್ಟಣದ ಚೀಟಿಗಳನ್ನು ಮತ್ತೆ ಬರೆದಿದ್ದಳು. ಹಾಕುವ ಮುಂಚಿನ ಚೀಟಿ ಈಗ ಈ ಕಂಪ್ಯೂಟರಿನ ಡಿಸ್ಕ್ ಯಾವ ನಮೂನೆಯದು, ಅದಕ್ಕೆ ಬೇಕಾದದ್ದು ಪೊಟ್ಟಣದಲ್ಲಿದೆಯೋ, ಎರಡು ಕರ್ನೆಲ್ಲಿಗೂ ಜಾಗವಿದೆಯೋ ಎಂದು ನೋಡುತ್ತದೆ, ಇಲ್ಲದಿದ್ದರೆ ಹೊರಗೇ ನಿಲ್ಲುತ್ತದೆ. ಹಾಕಿದ ಮೇಲಿನ ಚೀಟಿ ಹಳೆಯದರ ತಂಟೆಗೇ ಹೋಗುವುದಿಲ್ಲ. ಹೊಸದು ಏಳದಿದ್ದರೆ ಶುರುವಿನಲ್ಲಿ ಪರದೆಯ ಮೇಲೆ ಬರುವ ಪಟ್ಟಿಯಲ್ಲಿ ಹಳೆಯದನ್ನು ಆರಿಸಿಕೊಳ್ಳಬಹುದು.

ನಾನು ಟೀಯನ್ನು ಕುದಿಸಿ ಕುದಿಸಿ, ಸ್ಟೀಲ್ ಲೋಟಕ್ಕೆ ಅಂಚಿನವರೆಗೂ ಹೊಯ್ದು, ಸೆರಗಿನಲ್ಲಿ ಹಿಡಿದು ತಂದುಕೊಟ್ಟೆ. ಅಧ್ಯಕ್ಷೆ ಮುಟ್ಟಿದವಳೇ "ಅಬ್ಬಾ!" ಎಂದು ಬೆಂಚಿನ ಮೇಲಿಟ್ಟಳು. "ಇಷ್ಟು ಸುಡಾ ಸುಡಾ ಕೊಟ್ರೆ ಯಾವಾಗ ಕುಡಿಯೋದು ದೊಡ್ಡಮ್ಮಾ?"

"ನಿಧಾನಕ್ಕೆ ಕುಡಿಯವ್ವಾ, ಹಬ್ಬದ ದಿನ."

ಆದರೆ ನನ್ನ ಕಿತಾಪತಿ ಬೇಕೇ ಆಗಲಿಲ್ಲ. ಮೊಮ್ಮಗಳು ಗುಂಡಿ ಒತ್ತಿದಳು. ಬಿಳಿ ಅಕ್ಷರ ಸರಸರನೆ ಹರಿಯಿತು, ಬೆಳಗ್ಗೆ ನಿಂತಿದ್ದ ಸಾಲು ಬಂತು, ಸಾಲು ದಾಟಿತು, ಪರದೆ ನೀಲಿಯಾಗಿ ತೆರೆದುಕೊಂಡಿತು. ಅಧ್ಯಕ್ಷೆಯ ಟೀ ಮೇಲಿನ ಕೆನೆ ಇನ್ನೂ ಕಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುಜರಿಯವನು "ವಾಹ್!" ಅಂದ.

"ಇನ್ನೊಂದ್ಸಲ ಮಾಡು," ಅಂದಳು ಅಧ್ಯಕ್ಷೆ. ಮಾಡಿದಳು. "ಇನ್ನೊಂದ್ಸಲ." ಮೂರನೆಯ ಸಲಕ್ಕೆ ಅವಳೇ ಗುಂಡಿ ಒತ್ತಿದಳು. ಆಮೇಲೆ ಲೋಟ ಎತ್ತಿಕೊಂಡು ಊದಿ ಊದಿ ಕುಡಿಯುತ್ತಾ, "ಸರಿ, ಮಿಕ್ಕಿದ್ದಕ್ಕೂ ಹಾಕ್ಕೊಂಡು ಹೋಗು," ಅಂದಳು.

"ಒಂದೊಂದನ್ನೂ ಎಬ್ಬಿಸಿ ನೋಡೇ ಮುಂದಿನದಕ್ಕೆ ಹೋಗೋದು ಆಂಟಿ. ಹೊತ್ತಾಗ್ತದೆ."

"ಆಗ್ಲಿ ಬುಡಮ್ಮಾ. ಇವೇನು ಎಲ್ಲೂ ಹೋಗಲ್ಲ."

ಆ ಮಾತಿಗೆ ಮೊಮ್ಮಗಳು ನನ್ನ ಕಡೆ ತಿರುಗಿ ನಕ್ಕಳಲ್ಲ, ಬೆಳಗಿನಿಂದ ಅದೇ ಮೊದಲ ನಗು. ಅದೇ ಹೊತ್ತಿಗೆ ಮೊಪೆಡ್ ನಿಲ್ಲಿಸಿ ಅಯ್ನೋರು ಒಳಗೆ ಬಂದರು, ಹಣೆಯ ಮೇಲೆ ಬೆಟ್ಟದ ವಿಭೂತಿ. ಅಧ್ಯಕ್ಷೆ, "ಏನು ಸ್ವಾಮೀ, ಇಷ್ಟೊತ್ತು ಮಾಡ್ಬುಟ್ರಿ?" ಅಂದಳು.

"ನಾನೆಲ್ಲಿ ಮಾಡ್ದೆನವ್ವಾ? ಅಜ್ಜಮ್ಮನೇ ಅವಸರ ಇಲ್ಲ, ಸಾವಕಾಶ ಬನ್ನಿ ಅಂತ ಬರ್ದಿದ್ರಲ್ಲ!" ಎಂದು ಫೋನ್ ತೆಗೆದು ಎಲ್ಲರ ಮುಂದೆ ಓದಿಬಿಟ್ಟರು.

ಅಧ್ಯಕ್ಷೆ ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. ನಾನು ಬಾಳೆಲೆಯ ಮೇಲಿನ ಅಕ್ಕಿ ಸರಿಮಾಡತೊಡಗಿದೆ. "ಅಮ್ಮ ಬಾಬೋಯ್! ಈ ದೊಡ್ಡಮ್ಮನ ಕೈಗೆ ಫೋನ್ ಕೊಟ್ಟೋರು ಯಾರು?" ಎಂದವಳು ತಡೆಯಲಾರದೆ ನಕ್ಕಳು, ಬಾಯಲ್ಲಿದ್ದ ಟೀ ಅಯ್ನೋರ ಪಂಚೆಯ ಮೇಲೆ ಬಿತ್ತು. ಅಯ್ನೋರು ಪಂಚೆ ಕೊಡವಿಕೊಂಡು ಮಂತ್ರ ಹೇಳಿ ಕಳಸ ಕದಲಿಸಿದರು.

ಹನ್ನೆರಡನೆಯದು ಎದ್ದು ನಿಲ್ಲುವ ಹೊತ್ತಿಗೆ ಐದೂವರೆಯ ಬಸ್ಸು ಹೋಗಿಬಿಟ್ಟಿತ್ತು. ಗುಜರಿಯವನು ಪಾವಗಡದ ಮಾತೇ ಎತ್ತದೆ, ಮುರಿದ ಹೊಲಿಗೆ ಯಂತ್ರದ ಕಾಲೊಂದನ್ನು ಮಾತ್ರ ಹಾಕಿಕೊಂಡು, ಸಿರಾಕ್ಕೆ ಮಧುಗಿರಿಯ ಮೇಲೆಯೇ ಹೋಗುವುದು, ಬನ್ನಿ ಎಂದ. ನಾನು ಮುಂದೆ ಅವನ ಪಕ್ಕದಲ್ಲಿ. ಮೊಮ್ಮಗಳು ಹಿಂದೆ ತಕ್ಕಡಿಯ ಪಕ್ಕ ಗೋಣಿಚೀಲ ಹಾಸಿಕೊಂಡು, ಲ್ಯಾಪ್‌ಟಾಪ್ ತೆರೆದುಕೊಂಡು, ಮತ್ತೆ ಅದೇ ಚೀಟಿ ತಿದ್ದುತ್ತಿದ್ದಳು. ಹಿಂದಿನ ಕಿಂಡಿಯಿಂದ ಅವಳ ದನಿ ಬಂತು:

"ಅಜ್ಜೀ, ಹಳೇದನ್ನ ಯಾವತ್ತೋ ಒಂದಿನ ತೆಗೀಲೇಬೇಕಲ್ಲ. ಅದಕ್ಕೂ ಮುಂಚೆ ಹೊಸದು ಎಷ್ಟು ಸಲ ಎದ್ದಿರ್ಬೇಕು ಅಂತ ಬರೀಲಿ? ಒಂದ್ಸಲ ಸಾಕಾ?"

"ಹತ್ತು ಅಂತ ಹಾಕು."

"ಹತ್ತು ಜಾಸ್ತಿ ಆಯ್ತು ಕಣಜ್ಜಿ!"

"ಮದ್ವೆಯಾದ ಹೊಸ್ತರಲ್ಲಿ ಎಲ್ರೂ ಬೇಗ ಏಳ್ತಾರೆ ಕಣೇ," ಅಂದೆ. "ನಾನೂ ಒಂದು ವಾರ ಎದ್ದಿದ್ದೆ."

ಗುಜರಿಯವನು ನಗುತ್ತಾ ಹಾರ್ನ್ ಒತ್ತಿಬಿಟ್ಟ. ಹಿಂದೆ ಕೀಲಿಗಳು ಟಕಟಕ ಎಂದವು. ಅವಳು ಹತ್ತು ಎಂದೇ ಬರೆದಳು.